ಬಿಲ್ಡಪ್ಪು ಜಾಸ್ತಿ

ಜಗಳ ಶುರುವಾಗಿದ್ದು ಬೀಟಲ್ಸ್ ಬ್ಯಾಂಡಿನ ಡ್ರಮ್ಮರ್ ರಿಂಗೋ ಸ್ಟಾರ್ ದೆಸೆಯಿಂದ. ಪಾಪ, ಆ ಮನುಷ್ಯ ಯಾರ ತಂಟೆಗೂ ಹೋದವರಲ್ಲ.

ನಾವು ನಾಲ್ಕು ಜನ ವಾರಕ್ಕೊಮ್ಮೆ ಸೇರುತ್ತೇವೆ. ಹಾಡು ಕೇಳೋಣ ಅನ್ನುವುದು ನೆಪ. ಕೇಳುವುದು ಕಾಲು ಗಂಟೆ, ಕಿತ್ತಾಡುವುದು ಮೂರು ಗಂಟೆ. ನಮ್ಮಲ್ಲಿ ಗಡ್ಡ ಅಂತ ಒಬ್ಬನಿದ್ದಾನೆ. ಹತ್ತು ಜನ ಮೆಚ್ಚಿದ್ದನ್ನು ಅವನು ಮೆಚ್ಚುವುದಿಲ್ಲ. ಊರಿಗೆಲ್ಲಾ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ ಅಂತಾರಲ್ಲ, ಆ ಜಾತಿ. ಇನ್ನೊಬ್ಬ ಲೆಕ್ಕ. ಅವನಿಗೆ ಹಾಡಿನ ರಾಗ ನೆನಪಿರುವುದಿಲ್ಲ, ಅದು ಎಷ್ಟು ವಾರ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿತ್ತು ಅನ್ನುವುದು ನೆನಪಿರುತ್ತದೆ. ಅಕ್ಕ ನಮ್ಮೆಲ್ಲರಿಗಿಂತ ದೊಡ್ಡವಳು. ಕ್ಯಾಸೆಟ್ಟಿಗೆ ಪೆನ್ಸಿಲ್ ತೂರಿಸಿ ಟೇಪು ಸುತ್ತಿದ ಕಾಲದವಳು. ನಾಲ್ಕನೆಯವನು ನಾನು.

"ಜಗತ್ತಲ್ಲಿ ಬಿಲ್ಡಪ್ಪು ಜಾಸ್ತಿ ಇರೋ ಬ್ಯಾಂಡು ಅಂದ್ರೆ ಬೀಟಲ್ಸ್" ಅಂದ ಗಡ್ಡ. "ಅದರಲ್ಲೂ ಆ ರಿಂಗೋ! ಬೀಟಲ್ಸ್‌ನ ನಾಲ್ಕು ಜನರಲ್ಲೇ ಅವನು ಎಲ್ಲರಿಗಿಂತ ಒಳ್ಳೆ ಡ್ರಮ್ಮರ್ ಅಲ್ಲ ಅಂತ ಅದೇ ಬ್ಯಾಂಡಿನ ಜಾನ್ ಲೆನನ್ನೇ ಹೇಳಿದ್ದಾನೆ."

"ಲೆನನ್ ಹೇಳಿಲ್ಲ ಕಣೋ. ಅದು 1981ರಲ್ಲಿ ಒಂದು ರೇಡಿಯೋ ಹಾಸ್ಯ ಕಾರ್ಯಕ್ರಮದಲ್ಲಿ ಬಂದ ಜೋಕು. ಲೆನನ್ ತೀರಿಕೊಂಡಿದ್ದು 1980ರ ಡಿಸೆಂಬರಿನಲ್ಲಿ" ಅಂದೆ ನಾನು.

"ಹಾಗಾದ್ರೆ ಹೋದ್ಮೇಲೆ ಹೇಳಿರ್ಬೇಕು ಬಿಡು" ಅಂದಳು ಅಕ್ಕ.

ಗಡ್ಡ ಜಗ್ಗಲಿಲ್ಲ. ಲೆಕ್ಕ ನಡುವೆ ಬಾಯಿ ಹಾಕಿದ. 1963ರ ಫೆಬ್ರುವರಿ 11ರಂದು ಬೀಟಲ್ಸ್‌ನವರು ಒಂದೇ ದಿನದಲ್ಲಿ ಹತ್ತು ಹಾಡು ರೆಕಾರ್ಡ್ ಮಾಡಿದರು, ಅವರ ಮೊದಲ ಆಲ್ಬಮ್ಮಿನ ಬಹುಪಾಲು ಅಲ್ಲಿಗೆ ಮುಗಿಯಿತು ಅಂತ. ಲೆನನ್‌ಗೆ ಅವತ್ತು ಶೀತ ಬೇರೆ. ಗಂಟಲು ಕಿತ್ತುಹೋಗುವ ಹಾಡೊಂದಿತ್ತು. ಅದನ್ನು ಮೊದಲೇ ಹಾಡಿದರೆ ಉಳಿದವಕ್ಕೆ ಗಂಟಲೇ ಇರುವುದಿಲ್ಲ ಅಂತ ಕೊನೆಗೆ ಇಟ್ಟುಕೊಂಡರು.

"ನಿನಗೆ ಒಂದು ಸೀನು ಬಂದ್ರೆ ಎರಡು ದಿನ ರಜೆ" ಅಂತ ಅಕ್ಕ ಗಡ್ಡನಿಗೆ ತಿವಿದಳು.

"ಬೇಗ ಮುಗಿಸಿದ್ರೆ ದೊಡ್ಡವರಾಗಿಬಿಡ್ತಾರಾ? ನಾನೂ ಪರೀಕ್ಷೆ ಬೇಗ ಬರೆದು ಎದ್ದು ಬರ್ತಿದ್ದೆ."

ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅವನ ಅಂಕಪಟ್ಟಿ ನಾವೆಲ್ಲ ನೋಡಿದ್ದೇವೆ.

ಆಗ ಅಕ್ಕ ಒಂದು ಕಾನೂನು ತಂದಳು. ಯಾರಿಗೆ ಬೇಕಾದರೂ ಬಿಲ್ಡಪ್ಪು ಜಾಸ್ತಿ ಅನ್ನಬಹುದು. ಆದರೆ ಅನ್ನುವ ಮೊದಲು ಅವರದ್ದು ಒಂದು ಆಲ್ಬಮ್ಮಾದರೂ ಮೊದಲಿಂದ ಕೊನೆವರೆಗೆ ಕೇಳಿರಬೇಕು. ನಡುವೆ ಹಾರಿಸುವ ಹಾಗಿಲ್ಲ.

ರೂಮಿನಲ್ಲಿ ಸದ್ದಿಲ್ಲ. ಫ್ಯಾನು ತಿರುಗುವುದು ಕೇಳಿಸಿತು.

ಮೊದಲು ಸಿಕ್ಕಿಬಿದ್ದವನು ನಾನೇ. ಬಾಬ್ ಡಿಲನ್ ಮೂಗಿನಲ್ಲಿ ಹಾಡುತ್ತಾರೆ, ಬಾಯಿಗೆ ಬಿಡುವು ಸಿಕ್ಕಾಗ ಮೌತ್ ಆರ್ಗನ್ ಊದುತ್ತಾರೆ, ಅಂಥವರಿಗೆ 2016ರಲ್ಲಿ ಸಾಹಿತ್ಯದ ನೊಬೆಲ್ ಯಾಕೆ ಅಂತ ವರ್ಷಗಟ್ಟಲೆ ಭಾಷಣ ಬಿಗಿದವನು. "ಎಷ್ಟು ಆಲ್ಬಮ್ ಕೇಳಿದೀಯ?" ಅಂದಳು ಅಕ್ಕ. ಬಿಡಿ ಹಾಡು ಕೇಳಿದ್ದೇನೆ ಅಂದೆ. "ಎಷ್ಟು?" ನಾಲ್ಕು ಅಂದೆ. ನಿಜಕ್ಕೂ ಎರಡು. ಹಾಗೆ ನೋಡಿದರೆ ಆ ನೊಬೆಲ್ ವಿಷಯದಲ್ಲಿ ನನಗೆ ಮನಸ್ಸಿಗೆ ಹಿಡಿದಿದ್ದು ಗಾಯಕಿ ಪ್ಯಾಟಿ ಸ್ಮಿತ್. ಡಿಲನ್ ಸಮಾರಂಭಕ್ಕೆ ಹೋಗಲಿಲ್ಲ. ಅವರ ಬದಲು ಈಕೆ ಹೋಗಿ ಡಿಲನ್ ಬರೆದ ಹಾಡು ಹಾಡಿದರು. ನಡುವೆ ಸಾಲು ತಪ್ಪಿತು. ಅಷ್ಟು ದೊಡ್ಡ ಸಭೆ, ಮುಂದೆ ಸ್ವೀಡನ್ನಿನ ರಾಜ. "ಕ್ಷಮಿಸಿ, ತುಂಬಾ ಗಾಬರಿ ಆಗ್ತಿದೆ" ಅಂತ ಹೇಳಿ ಮತ್ತೆ ಎತ್ತಿಕೊಂಡರು. ಆ ವಿಡಿಯೋ ನಾನು ಹತ್ತು ಸಲ ನೋಡಿದ್ದೇನೆ. ತಪ್ಪಾದ ಮೇಲಿನ ಹಾಡು ತಪ್ಪಿಲ್ಲದ ಹಾಡಿಗಿಂತ ಚೆನ್ನಾಗಿದೆ.

ಮುಂದಿನ ಸರದಿ ಪಿಂಕ್ ಫ್ಲಾಯ್ಡ್ ಬ್ಯಾಂಡಿನದು. 1973ರ ಅವರ ಆಲ್ಬಮ್ಮು ಅಮೆರಿಕದ ಪಟ್ಟಿಯಲ್ಲಿ ಏಳುನೂರಕ್ಕೂ ಹೆಚ್ಚು ವಾರ ಕೂತಿತ್ತು ಅಂತ ಲೆಕ್ಕ ತನ್ನ ಮಗ ರ‍್ಯಾಂಕ್ ಬಂದ ಹಾಗೆ ಹೇಳಿದ. ಗಡ್ಡ ಮೂಗು ಮುರಿದ. "ಅದರ ಕವರಿನ ಆ ತ್ರಿಕೋನದ ಚಿತ್ರ ಇರೋ ಟೀ ಶರ್ಟ್ ಹಾಕ್ಕೊಂಡು ಓಡಾಡೋರಲ್ಲಿ ನೂರಕ್ಕೆ ಎಂಬತ್ತು ಜನ ಹಾಡು ಕೇಳಿರಲ್ಲ." ನಾನು ಮೆಲ್ಲಗೆ ಜಾಕೆಟ್ಟಿನ ಜಿಪ್ ಮೇಲಕ್ಕೆ ಎಳೆದುಕೊಂಡೆ.

ಯೂ2 ಬ್ಯಾಂಡಿನ ವಿಷಯದಲ್ಲಿ ಮಾತ್ರ ನಾಲ್ಕೂ ಜನ ಒಂದಾದೆವು. 2014ರಲ್ಲಿ ಅವರ ಹೊಸ ಆಲ್ಬಮ್ಮು ಸುಮಾರು 50 ಕೋಟಿ ಐಟ್ಯೂನ್ಸ್ ಖಾತೆಗಳಿಗೆ ಪುಕ್ಕಟೆಯಾಗಿ ಬಂದು ಕೂತಿತು. ಬೇಕು ಅಂತ ಯಾರೂ ಕೇಳಿರಲಿಲ್ಲ. ಜನ ಎಷ್ಟು ರೇಗಿದರೆಂದರೆ, ಅದನ್ನು ತೆಗೆದುಹಾಕುವುದಕ್ಕೇ ಒಂದು ಬೇರೆ ಪುಟ ಮಾಡಿಕೊಡಬೇಕಾಯಿತು. ಬ್ಯಾಂಡಿನ ಗಾಯಕ ಬೋನೋ ಆಮೇಲೆ ಕ್ಷಮೆ ಕೇಳಿದರು. ಪುಕ್ಕಟೆ ಕೊಟ್ಟು ಬೈಸಿಕೊಳ್ಳುವುದು ಸುಲಭದ ಕೆಲಸವಲ್ಲ.

ನನ್ನ ಪ್ರೀತಿಯ ಹೆಸರು ಬಂದಾಗ ನಾನು ಜಿಪ್ ಬಿಚ್ಚಿ ಸರಿಯಾಗಿ ಕೂತೆ. ಕ್ವೀನ್ ಬ್ಯಾಂಡಿನ ಬ್ರಯನ್ ಮೇ. ಎಲ್ಲರೂ ಅದರ ಗಾಯಕ ಫ್ರೆಡ್ಡಿ ಮರ್ಕ್ಯುರಿಯನ್ನು ಹೊಗಳುತ್ತಾರೆ. ಹೊಗಳಲಿ, ತಪ್ಪೇನಿಲ್ಲ. ಆದರೆ ಈ ಪುಣ್ಯಾತ್ಮನ ಗಿಟಾರು ನೋಡಿ. ಹುಡುಗನಾಗಿದ್ದಾಗ ಅಪ್ಪನ ಜೊತೆ ಕೂತು ಕೈಯಾರೆ ಮಾಡಿದ್ದು. ಕತ್ತಿನ ಭಾಗಕ್ಕೆ ಹಳೇ ಅಗ್ಗಿಷ್ಟಿಕೆಯ ಕಟ್ಟಿಗೆ. ಆ ಮರದಲ್ಲಿ ಹುಳ ತಿಂದ ತೂತುಗಳಿದ್ದವು, ಅವನ್ನು ಬೆಂಕಿಕಡ್ಡಿ ತುರುಕಿ ಮುಚ್ಚಿದರು. ತಂತಿ ಜಗ್ಗುವ ಕಡ್ಡಿಗೆ ಹಳೇ ಮೋಟಾರ್ ಸೈಕಲ್ಲಿನ ಸ್ಪ್ರಿಂಗು. ಬೆರಳಿಡುವ ಜಾಗ ಗೊತ್ತಾಗಲಿ ಅಂತ ಕೂರಿಸಿದ ಚುಕ್ಕಿಗಳು ಅಮ್ಮನ ಹೊಲಿಗೆ ಡಬ್ಬಿಯ ಗುಂಡಿಗಳು. ಮೀಟುವುದಕ್ಕೂ ಅಂಗಡಿಯ ಪ್ಲೆಕ್ಟ್ರಮ್ ಅಲ್ಲ, ಆರು ಪೆನ್ಸಿನ ನಾಣ್ಯ. ಅದೇ ಗಿಟಾರು ಹಿಡಿದು 1985ರ ಲೈವ್ ಏಡ್ ಸಂಗೀತ ಕಾರ್ಯಕ್ರಮದಲ್ಲಿ ಸುಮಾರು ಇಪ್ಪತ್ತು ನಿಮಿಷ ನಿಂತರು, ಉಳಿದಿದ್ದು ಎಲ್ಲರಿಗೂ ಗೊತ್ತು. 2007ರಲ್ಲಿ ಖಗೋಳ ವಿಜ್ಞಾನದಲ್ಲಿ ಡಾಕ್ಟರೇಟ್ ಬೇರೆ ತಗೊಂಡರು.

"ಗಿಟಾರು ಪರವಾಗಿಲ್ಲ" ಅಂದ ಗಡ್ಡ. ಅವನ ಬಾಯಲ್ಲಿ ಅದು ಚಿನ್ನದ ಪದಕ.

ಗಡ್ಡನ ದೇವರು ಇಂಗ್ಲೆಂಡಿನ ಗಾಯಕ ನಿಕ್ ಡ್ರೇಕ್. ಮೂರೇ ಆಲ್ಬಮ್, 1974ರಲ್ಲಿ 26ನೇ ವಯಸ್ಸಿಗೇ ಹೋದರು. ಬದುಕಿದ್ದಾಗ ಕೇಳುವವರು ಬೆರಳೆಣಿಕೆ. ಗಡ್ಡನಿಗೆ ಅದೇ ಖುಷಿ. ಆದರೆ ಸುಮಾರು ಕಾಲು ಶತಮಾನ ಕಳೆದ ಮೇಲೆ ಒಂದು ಕಾರಿನ ಜಾಹೀರಾತಿನಲ್ಲಿ ಅವರ ಹಾಡು ಬಂತು, ಆಲ್ಬಮ್ಮುಗಳು ಬಿಸಿ ಬಿಸಿಯಾಗಿ ಮಾರಾಟವಾದವು. ಇದನ್ನು ಹೇಳುವಾಗ ಗಡ್ಡನ ಮುಖ ಮನೆಗೆ ಕಳ್ಳ ನುಗ್ಗಿದವನ ಹಾಗಿತ್ತು.

"ಅಲ್ಲ ಕಣೋ, ನಾಲ್ಕು ಜನ ಜಾಸ್ತಿ ಕೇಳಿದ್ರೆ ಹಾಡು ಸವೆದು ಹೋಗುತ್ತಾ?" ಅಂದಳು ಅಕ್ಕ.

"ಸವೆಯಲ್ಲ. ಆದ್ರೆ ನನ್ನದು ಅನ್ನಿಸಲ್ಲ."

ಅದು ಸ್ವಲ್ಪ ನಿಜವೇ. ಯಾರೂ ಒಪ್ಪಿಕೊಳ್ಳಲಿಲ್ಲ ಅಷ್ಟೆ.

ಟೇಲರ್ ಸ್ವಿಫ್ಟ್ ಹೆಸರು ಬಂದಾಗ ಗಡ್ಡ ಎದ್ದು ಕಿಟಕಿ ಹತ್ತಿರ ಹೋದ. ಲೆಕ್ಕ ಬಿಡಲಿಲ್ಲ. 2023, 2024ರಲ್ಲಿ 149 ಕಾರ್ಯಕ್ರಮ, ಒಂದೊಂದೂ ಮೂರು ಗಂಟೆ ಮೇಲೆ. ಎರಡು ಮಹಡಿ ಹತ್ತಿ ಬಂದರೆ ಗಡ್ಡನಿಗೆ ಹತ್ತು ನಿಮಿಷ ಮಾತು ಹೊರಡುವುದಿಲ್ಲ, ಆ ಹತ್ತು ನಿಮಿಷವೇ ನಮಗೆ ವಿರಾಮ.

ಅಕ್ಕ ಮಾತ್ರ ಇನ್ನೂ ತನ್ನ ಹೆಸರು ಹೇಳಿರಲಿಲ್ಲ. ಕೇಳಿದೆವು. "ಜೇಮ್ಸ್ ಜೇಮರ್ಸನ್" ಅಂದಳು. ಗಡ್ಡನಿಗೂ ಗೊತ್ತಿಲ್ಲ! ಅವನಿಗೆ ಗೊತ್ತಿಲ್ಲದ ಅಜ್ಞಾತ ಕಲಾವಿದ ಒಬ್ಬರಿದ್ದಾರೆ ಅನ್ನುವುದೇ ಅವನಿಗೆ ಅವಮಾನ.

"ಯಾರಿಗೂ ಗೊತ್ತಿಲ್ಲ, ಎಲ್ಲರೂ ಕೇಳಿದ್ದಾರೆ" ಅಂದಳು ಅಕ್ಕ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ಗಿಟಾರು, ಅಂದರೆ ಕೆಳಗಿನ ಸ್ವರಗಳ ಗಿಟಾರು, ನುಡಿಸಿದವರು. 1960ರ ದಶಕದಲ್ಲಿ ಆ ಕಂಪನಿಯ ಹಾಡುಗಳು ಮನೆಮನೆಯಲ್ಲಿ ಮೊಳಗಿದವು, ಇವರ ಹೆಸರು ಮಾತ್ರ ಯಾವ ಕವರಿನ ಮೇಲೂ ಇರಲಿಲ್ಲ. ಹಿನ್ನೆಲೆಯವರ ಹೆಸರು ಹಾಕುವ ರೂಢಿಯೇ ಇರಲಿಲ್ಲ. 1971ರಲ್ಲಿ ಗಾಯಕ ಮಾರ್ವಿನ್ ಗೇ ಅವರ ಆಲ್ಬಮ್ಮಿನಲ್ಲಿ ಮೊದಲ ಸಲ ಹಾಕಿದರು. ಜೇಮರ್ಸನ್ ಬಲಗೈಯ ತೋರುಬೆರಳು ಒಂದರಲ್ಲೇ ಮೀಟುತ್ತಿದ್ದರು. ತಂತಿ ಕಿತ್ತುಹೋಗುವವರೆಗೆ ಬದಲಾಯಿಸುತ್ತಿರಲಿಲ್ಲ. ಜಿಡ್ಡು ಹಿಡಿದಷ್ಟೂ ನಾದ ಚೆನ್ನ ಅಂತ ಅವರ ನಂಬಿಕೆ.

"ಹಾಡೋರನ್ನ ಬಿಡು. ಕೆಳಗೆ ಏನಾಗ್ತಿದೆ ಅದನ್ನ ಹಿಡಿ" ಅಂತ ಅಕ್ಕ ನನ್ನ ತಲೆಗೆ ಹೆಡ್‌ಫೋನ್ ಹಾಕಿದಳು.

ಮೊದಲು ಹಾಡೇ ಕೇಳಿಸಿತು. ಅರ್ಧ ನಿಮಿಷ ಆದ ಮೇಲೆ ಕೆಳಗಿನದ್ದು ಕಿವಿಗೆ ಸಿಕ್ಕಿತು. ಒಬ್ಬರು ಸುಮ್ನೆ ತಾಳಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತಿಲ್ಲ, ಗೊಣಗುತ್ತಿದ್ದಾರೆ, ಎದುರು ಮಾತಾಡುತ್ತಿದ್ದಾರೆ. ಹಾಡುವವರು ಉಸಿರು ತಗೊಂಡ ಜಾಗಕ್ಕೆ ಸರಿಯಾಗಿ ನುಗ್ಗಿ ಎರಡು ಮಾತು ಹೇಳಿ ವಾಪಸ್ ಬರುತ್ತಿದ್ದಾರೆ. ಇಪ್ಪತ್ತು ವರ್ಷದಿಂದ ಕೇಳಿದ ಹಾಡು. ಈ ಮನುಷ್ಯ ಒಳಗಿದ್ದದ್ದು ಗೊತ್ತೇ ಇರಲಿಲ್ಲ.

ಗಡ್ಡನೂ ಕೇಳಿದ. ಏನೂ ಅನ್ನಲಿಲ್ಲ. ಹೆಡ್‌ಫೋನ್ ವಾಪಸ್ ಕೊಡಲೂ ಇಲ್ಲ.

ಇದೇ ಸಮಯ ಅಂತ ನಾನು ರಿಂಗೋ ಫೈಲು ಮತ್ತೆ ತೆರೆದೆ. ನಮ್ಮ ಪಟ್ಟಿಯಲ್ಲೆಲ್ಲ ಬರೀ ಹಾಡುವವರು, ಮುಂದೆ ನಿಂತು ಗಿಟಾರು ಮೀಟುವವರು. ಹಿಂದೆ ಕೂತವರನ್ನು ನಾವು ಕೇಳಿಸಿಕೊಳ್ಳುವುದೇ ಇಲ್ಲ, ಕೇಳಿಸದಿದ್ದರೆ ಸರಿಯಿಲ್ಲ ಅನ್ನುತ್ತೇವೆ. ರಿಂಗೋ ಹುಟ್ಟಾ ಎಡಚ. ಅಜ್ಜಿ ಗದರಿಸಿ ಬಲಗೈಯಲ್ಲಿ ಬರೆಸಿದರಂತೆ. ಚಿಕ್ಕವರಿದ್ದಾಗ ಕ್ಷಯ ಬಂದು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದಾಗ ಹಾಸಿಗೆ ಪಕ್ಕದ ಬೀರು ಬಾರಿಸಿಕೊಂಡೇ ಡ್ರಮ್ಮಿನ ಹುಚ್ಚು ಹತ್ತಿದ್ದು. ಆಮೇಲೆ ಕೂತಿದ್ದು ಬಲಗೈಯವರಿಗೆ ಜೋಡಿಸಿದ ಡ್ರಮ್ಮಿನ ಮುಂದೆ. ಸಾಲು ಮುಗಿಯುವಲ್ಲಿ ಚಿಕ್ಕ ಡ್ರಮ್ಮಿನಿಂದ ದೊಡ್ಡದರ ಕಡೆಗೆ ಬಾರಿಸಿಕೊಂಡು ಹೋಗುತ್ತಾರಲ್ಲ, ಫಿಲ್ ಅಂತಾರೆ, ಅದನ್ನು ಎಲ್ಲರೂ ಬಲಗೈಯಿಂದ ಎತ್ತಿಕೊಂಡರೆ ಇವರು ಎಡಗೈಯಿಂದ. ಕೈಗೆ ಕೈ ಅಡ್ಡ ಬರುತ್ತದೆ, ಒಂದು ಕೂದಲೆಳೆ ತಡವಾಗುತ್ತದೆ. ಆ ತಡವೇ ಅವರ ರುಚಿ.

"ಇಷ್ಟೇನಾ?" ಅಂದ ಗಡ್ಡ.

ಟೇಬಲ್ಲಿನ ಮೇಲೆ ಎಡದಿಂದ ಬಲಕ್ಕೆ ಒಂದು ಪುಸ್ತಕ, ಒಂದು ತಗಡಿನ ಡಬ್ಬಿ, ಒಂದು ರಟ್ಟಿನ ಪೆಟ್ಟಿಗೆ ಇಟ್ಟೆ. ಎಡಗೈಯಿಂದ ಶುರು ಮಾಡು, ಒಂದೊಂದಕ್ಕೆ ನಾಲ್ಕು ಏಟು, ಮತ್ತೆ ತಾಳಕ್ಕೆ ಸರಿಯಾಗಿ ಪುಸ್ತಕಕ್ಕೆ ಬಾ ಅಂದೆ.

ಪುಸ್ತಕ ಸಲೀಸಾಗಿ ಮುಗಿಯಿತು. ಡಬ್ಬಿಗೆ ಬರುವಾಗ ಎಡಗೈ ಬಲಗೈ ಮೇಲೆ ಬಿತ್ತು. ಎರಡನೇ ಸಲ ಡಬ್ಬಿಯೇ ಕೆಳಗೆ ಬಿತ್ತು. ಮೂರನೇ ಸಲ, "ಈ ಟೇಬಲ್ಲು ಸಮ ಇಲ್ಲ" ಅಂದ.

"ಕುಣಿಯೋಕೆ ಬರದವಳು ನೆಲ ಡೊಂಕು ಅಂದಳಂತೆ" ಅಂದಳು ಅಕ್ಕ, ಬಗ್ಗಿ ಡಬ್ಬಿ ಎತ್ತಿಕೊಡುತ್ತಾ.

ಹೊರಡುವಾಗ ಗಡ್ಡ ಮೆಟ್ಟಿಲ ಕಂಬಿಯ ಮೇಲೆ ಟಕಟಕ ಅಂತ ಬಾರಿಸಿಕೊಂಡೇ ಇಳಿದ. ರಾತ್ರಿ ಒಂದು ಗಂಟೆಗೆ ಅವನದ್ದು ಒಂದು ವಾಯ್ಸ್ ಮೆಸೇಜು. ಮಾತಿಲ್ಲ. ಏನೋ ಪಾತ್ರೆ ಮೇಲೆ ಬಾರಿಸುವ ಸದ್ದು, ಎಂಟು ಏಟು, ಆಮೇಲೆ "ಥತ್". ಎರಡು ನಿಮಿಷಕ್ಕೆ ಇನ್ನೊಂದು. ಈ ಸಲ ಒಂಬತ್ತು.