ಭಾಷಾ ಬೋಧನೆ ಜರ್ನಲ್‌ಗೆ ಮೊದಲ ಲೇಖನ: ಕಳಿಸುವ ಮುಂಚೆ ಏನೇನು ನೋಡಬೇಕು?

ಪ್ರಶ್ನೆ: ಎಂ.ಎ. ಪ್ರಬಂಧವನ್ನೇ ಮೊಟಕು ಮಾಡಿ ಲೇಖನ ಮಾಡಿದ್ದೇನೆ. ಎರಡು ಜರ್ನಲ್‌ಗೆ ಒಟ್ಟಿಗೆ ಕಳಿಸಬಹುದಾ?

ಉತ್ತರ: ಬೇಡವೇ ಬೇಡ. ಒಂದು ಕಡೆಯಿಂದ ಉತ್ತರ ಬರುವವರೆಗೂ ಇನ್ನೊಂದು ಕಡೆ ಕಳಿಸುವ ಹಾಗಿಲ್ಲ, ಗೊತ್ತಾದರೆ ಎರಡೂ ಕೈಬಿಟ್ಟು ಹೋಗಬಹುದು. ಮೊದಲು ಆ ಜರ್ನಲ್‌ನ ಇತ್ತೀಚಿನ ಸಂಚಿಕೆ ಓದಿ. ಇಂಗ್ಲಿಷ್ ಬೋಧನೆಯ ಎರಡು ಜರ್ನಲ್‌ಗಳನ್ನೇ ನೋಡಿ: ಇಎಲ್‌ಟಿ ಜರ್ನಲ್ ತರಗತಿಗೆ ಹತ್ತಿರ, ಟೆಸಾಲ್ ಕ್ವಾರ್ಟರ್ಲಿಗೆ ಸಂಶೋಧನೆ ಗಟ್ಟಿ ಇರಬೇಕು.

ಇನ್ನೊಬ್ಬರು: ಪ್ರಬಂಧದ ಉದ್ದದ ಪೀಠಿಕೆ ಕತ್ತರಿಸಿ, ಸುಮ್ನೆ ಜಾಗ ತಿನ್ನುತ್ತೆ. ಮತ್ತೆ ಜರ್ನಲ್ ಪರವಾಗಿ ಲೇಖನ ಪರಿಶೀಲಿಸುವ ವಿಮರ್ಶಕರಿಗೆ ನೀವು ಯಾರಂತ ತಿಳಿಯಬಾರದು ಅಲ್ವಾ? ಮೊದಲ ಪುಟದಲ್ಲಿ ಹೆಸರು ತೆಗೆದರೆ ಸಾಲದು, ವರ್ಡ್ ಫೈಲ್‌ನ ಪ್ರಾಪರ್ಟೀಸ್‌ನಲ್ಲೂ ಅದು ಕೂತಿರುತ್ತೆ, "ನನ್ನ ಹಿಂದಿನ ಲೇಖನದಲ್ಲಿ" ಅನ್ನುವ ಸಾಲೂ ಗುಟ್ಟು ಬಿಟ್ಟುಕೊಡುತ್ತೆ.

ಪ್ರಶ್ನೆ ಕೇಳಿದವರು: ಆಕರಗಳನ್ನು ಉಲ್ಲೇಖಿಸೋಕೆ ಎಪಿಎ ಶೈಲಿ ಕೈಪಿಡಿಯ ಯಾವ ಆವೃತ್ತಿ?

ಉತ್ತರ: ಈಗಿನದು 2019ರ 7ನೆಯದು. ಆದರೂ ಜರ್ನಲ್‌ನ ಸೂಚನೆ ನೋಡಿಕೊಳ್ಳಿ.