ರಿಲಯಬಿಲಿಟಿಗೆ ಶಾಪ್ ಫ್ಲೋರಲ್ಲಿ ಓಡೋ ಪದ ಬೇಕು

ಎಲ್ರಿಗೂ ನಮಸ್ಕಾರ. ಪೀಣ್ಯದಲ್ಲಿ ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಪ್ಯಾನಲ್ ಮಾಡೋ ಕಡೆ ಕೆಲ್ಸ ನಂದು. ಅಸೆಂಬ್ಲಿ ಹುಡುಗ್ರಿಗೆ ರಿಲಯಬಿಲಿಟಿ (ಮಷೀನು ಕೆಡದೆ ಓಡುತ್ತೆ ಅಂತ ಎಷ್ಟು ನಂಬಬೋದು ಅನ್ನೋದು) ಬಗ್ಗೆ ಕನ್ನಡದಲ್ಲೇ ನಾಲ್ಕು ಪುಟ ಬರಿಯೋಕೆ ಕೂತು ಮೊದಲ್ನೇ ಸಾಲಲ್ಲೇ ಸಿಕ್ಕಾಕೊಂಡೆ. ವಿಶ್ವಾಸಾರ್ಹತೆ ಅಂತ ಬರ್ದೆ, ಓದಿದೋನು "ಬ್ಯಾಂಕ್ ಲೋನಿಗಾ ಸರ್" ಅಂದ. ಅವನದೇನೂ ತಪ್ಪಿಲ್ಲ, ಪೇಪರಲ್ಲಿ ಆ ಪದ ಸಾಕ್ಷಿಗೆ, ಸುದ್ದಿಮೂಲಕ್ಕೆ ಬರುತ್ತೆ, ಮೋಟ್ರಿಗೆ ಯಾರು ಅಂತಾರೆ?

ಬಾಳಿಕೆ ಅನ್ನೋಣ ಅಂದ್ರೆ ಅದು ಡ್ಯೂರಬಿಲಿಟಿ. ಹನ್ನೆರಡು ವರ್ಷ ಓಡಿರೋ ಮೋಟ್ರು ಪ್ರತಿ ಬೇಸಿಗೆಲೂ ಕಾಯಿಲ್ ಸುಟ್ಕೊಂಡು ರಿವೈಂಡಿಂಗಿಗೆ ಹೋಗಿದ್ರೆ, ಬಾಳಿಕೆ ಬಂತು ಅನ್ನಬೋದು ಆದ್ರೆ ಅದನ್ನ ನಂಬ್ಕೊಂಡು ಟೊಮೆಟೊ ನಾಟಿ ಮಾಡೋಕಾಗಲ್ಲ. ಗುಣಮಟ್ಟವೂ ಅಲ್ಲ, ಅದು ಗೇಟ್ ದಾಟೋ ದಿನ ಪೀಸ್ ಹೇಗಿತ್ತು ಅನ್ನೋದು. ಇಲ್ಲಿ ಬೇಕಿರೋದು, ಇಷ್ಟು ಕಾಲ, ಇಂಥಾ ವೋಲ್ಟೇಜು ಧೂಳು ಬಿಸಿಲಲ್ಲಿ, ಕೆಡದೆ ಕೆಲ್ಸ ಮಾಡೋ ಸಂಭವ ಎಷ್ಟು ಅನ್ನೋ ಲೆಕ್ಕ, ಸೊನ್ನೆಗೂ ಒಂದಕ್ಕೂ ನಡುವಿನ ಒಂದು ಅಂಕಿ.

ನನ್ ಮನಸ್ಸು ನೆಚ್ಚಿಕೆ ಕಡೆ ವಾಲ್ತಿದೆ. "ಮಳೇನೇ ನೆಚ್ಕೊಂಡು ಬಿತ್ತಿದ್ರು" ಅಂತೀವಲ್ಲ, ಆ ನೆಚ್ಚು. ತೊಂದ್ರೆ ಎರಡು. ನೆಚ್ಚಿನ ನಟ ಅಂದೂ ಅಂದೂ ಆ ಪದ ಈಗ ಅಚ್ಚುಮೆಚ್ಚು ಅನ್ನೋ ಕಡೆ ಜಾರಿದೆ. ಇನ್ನೊಂದು, ನೆಚ್ಚಿಕೆ ಇರೋದು ರೈತನ ಮನಸ್ಸಲ್ಲಿ, ಪಂಪಲ್ಲಲ್ಲ. "ಈ ಪ್ಯಾನಲಿನ ನೆಚ್ಚಿಕೆ 0.95" ಅಂದ್ರೆ ನಿಮ್ ಕಿವಿಗೆ ಹೇಗ್ ಕೇಳ್ಸುತ್ತೆ?

ಎಲ್ರ ಬಾಯಲ್ಲೂ ಇರೋದು "ಮೋಟ್ರು ಕೈ ಕೊಡ್ತು". ಬೇಕಾದ ಹೊತ್ತಲ್ಲೇ ನಿಂತೋಯ್ತು ಅನ್ನೋದೆಲ್ಲ ಅದರಲ್ಲೇ ಬಂತು. ಆದ್ರೆ ಕೈಕೊಡದಿರುವಿಕೆ ಅಂತ ಮಾಡಿದ್ರೆ ಸರ್ಕಾರಿ ಸುತ್ತೋಲೆ ಥರ ಆಗುತ್ತೆ, ಬೇಡ.

ಹಾಗೇ ಎಂಟಿಬಿಎಫ್‌ಗೆ (ಮೀನ್ ಟೈಮ್ ಬಿಟ್ವೀನ್ ಫೇಲ್ಯೂರ್ಸ್, ಒಂದ್ಸಲ ಕೆಟ್ಟು ಮತ್ತೆ ಕೆಡೋವರೆಗಿನ ಸರಾಸರಿ ಹೊತ್ತು) ನಮ್ಮಲ್ಲೊಬ್ರು ಸರಾಸರಿ ಆಯಸ್ಸು ಅಂತ ಹಾಕಿದ್ರು, ಅದನ್ನ ತೆಗೆಸ್ದೆ. 50,000 ಗಂಟೆ ಅಂದ್ರೆ ಅಷ್ಟು ಹೊತ್ತು ಗ್ಯಾರಂಟಿ ಅಂತ ತಿಳ್ಕೊಂಡ್ಬಿಡ್ತಾರೆ. ಕೆಡೋ ದರ ಉದ್ದಕ್ಕೂ ಒಂದೇ ಇದ್ರೆ ಅಷ್ಟೊತ್ತಿಗೆ ಒಂದ್ಸಲವೂ ಕೆಡದೆ ಉಳಿಯೋದು ನೂರಕ್ಕೆ ಸುಮಾರು 37 ಅಷ್ಟೇ! "ಎರಡು ಕೆಡುವಿಕೆ ನಡುವಿನ ಸರಾಸರಿ ಹೊತ್ತು" ಅಂತ ಬರ್ದಿದೀನಿ, ಉದ್ದ ಆಯ್ತು.

ಒಂದು ಮಾತ್ರ ಸಲೀಸಾಗಿ ಬಂತು. ಹೊಸದ್ರಲ್ಲಿ ಕೆಡೋದು ಜಾಸ್ತಿ, ಮಧ್ಯೆ ಕಮ್ಮಿ, ಹಳೇದಾದ್ಮೇಲೆ ಮತ್ತೆ ಜಾಸ್ತಿ ಅಂತ ತೋರ್ಸೋ ಬಾತ್‌ಟಬ್ ಕರ್ವಿಗೆ ಬಾನಿ ಗೆರೆ ಅಂದೆ. ಕಲಗಚ್ಚಿನ ಬಾನಿ ನೋಡಿರೋ ಹುಡುಗ್ರು, ತಕ್ಷಣ ಹೊಳೀತು.

ಹುಬ್ಬಳ್ಳಿ, ಬೆಳಗಾವಿ ಕಡೆಯೋರು ವರ್ಕ್‌ಶಾಪಲ್ಲಿ ಏನಂತೀರಿ ಹೇಳಿ. ಶನಿವಾರ ಪ್ರಿಂಟಿಗೆ ಕೊಡ್ಬೇಕು, ಅಲ್ಲೀವರೆಗೂ ರಿಲಯಬಿಲಿಟಿ ಅಂತ್ಲೇ ಬಿಟ್ಟಿದೀನಿ.