ಅಷ್ಟಭೋಗ ಸಮೇತ ಬಿ.ಎ.

"ಅಮೆರಿಕದ ಯೇಲ್ ವಿಶ್ವವಿದ್ಯಾಲಯ ಮಗನಿಗೆ ಲ್ಯಾಟಿನ್ನಿನಲ್ಲಿ ಕೊಟ್ಟ ಬಿ.ಎ. ಸರ್ಟಿಫಿಕೇಟಿಗೆ, ಅನುವಾದ ಮಾಡ್ಲಿ ಅಂತ ಫೋನ್ ಹಿಡಿದೆ ಕಣೋ ನಾಣಿ," ಅಂದ ರಂಗಣ್ಣ. "'ಅಧ್ಯಕ್ಷರು ಮತ್ತು ಮಿತ್ರಪಕ್ಷಗಳು, ಎಲ್ಲರಿಗೂ ಆರೋಗ್ಯ' ಅಂತು. ಯುದ್ಧ ಸಾರಿದಾರೋ, ಔಷಧಿ ಬರೆದಿದಾರೋ?"

"ಮಿತ್ರಪಕ್ಷ ಅಲ್ಲಪ್ಪ, 'ಸೋಕೀ' ಅಂದ್ರೆ ಅಲ್ಲಿ ಆಡಳಿತ ಮಂಡಳಿ ಸದಸ್ಯರು. 'ಸಲೂಟೆಮ್'ಗೆ ಆರೋಗ್ಯ ಅಂತಲೂ ಅರ್ಥ, ಕಾಗದದ ತಲೆಯಲ್ಲಿ ಬಂದರೆ ನಮಸ್ಕಾರ. ಈ ಫೋನ್ ಹಿಡಿಯೋ ಚಟ ಬಿಡು ರಂಗಣ್ಣ."

"ಇಂಗ್ಲಿಷಿಗೆ ಮಾಡಿಸಿ ಸಾರ್, ಸುಲಭ," ಅಂದ ವೆಂಕಿ.

"ಎಡವೋದೇ ಅಲ್ಲಿ! ಇಡೀ ಸರ್ಟಿಫಿಕೇಟು ಹೆಚ್ಚುಕಮ್ಮಿ ಒಂದೇ ವಾಕ್ಯ. ಮೊದಲು ಕ್ರಿಯಾಪದ ಹುಡುಕು: 'ಅಡ್ಮಿಸಿಮುಸ್'. ಆ 'ಮುಸ್' ಒಳಗೇ 'ನಾವು' ಕೂತಿದೆ, ನಮ್ಮ 'ಸೇರಿಸಿಕೊಂಡೆವು' ಥರ. 'ಆರ್ಟಿಯುಮ್' ಷಷ್ಠೀ ಬಹುವಚನ, 'ಕಲೆಗಳ'. ಇಂಗ್ಲಿಷಿಗೆ 'ಆಫ್' ಅನ್ನೋ ಊರುಗೋಲು ಬೇಕು, ನಮಗೆ ಪ್ರತ್ಯಯ ಸಾಕು."

"ಹಾಗಾದ್ರೆ ಕನ್ನಡಕ್ಕೆ ಮಾಡು."

"ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ಪತ್ರ ಬರೆಯೋರು ನನಗಿಂತ ಚೆನ್ನಾಗಿ ಮಾಡ್ತಾರೆ. 'ಈ ಪತ್ರ ನೋಡುವ ಸಮಸ್ತರಿಗೂ ಬರೆಸಿಕೊಟ್ಟ ಪದವಿಪತ್ರದ ಕ್ರಮವೇನೆಂದರೆ...' ಕೊನೆಗೆ ಯೂರಾ, ಪ್ರಿವಿಲೇಗಿಯಾ, ಇನ್ಸಿಗ್ನಿಯಾ. ಹಕ್ಕು, ಸವಲತ್ತು, ಲಾಂಛನ. ಅಂದ್ರೆ ನಮ್ಮ ಜಮೀನು ಪತ್ರದ ಅಷ್ಟಭೋಗದ ಹಕ್ಕುಗಳ ಥರ: ನಿಧಿ ನಿಕ್ಷೇಪ ಜಲ ತರು ಪಾಷಾಣ..."

"ಬಿ.ಎ.ಗೆ ಜಲ ಎಲ್ಲಿಂದ ಬಂತು?" ಪದ್ಮಕ್ಕ ಕಾಫಿ ಇಟ್ಟರು.

"ಫೀಸು ಕಟ್ಟಿದವರ ಕಣ್ಣಿಂದ."

ರಂಗಣ್ಣನಿಗೆ ನಗು ಬರಲಿಲ್ಲ. "ತಮಾಷೆ ಸಾಕು. ಆಫೀಸಿಗೆ ಕೊಡಬೇಕು."

"ಹಾಗಾದ್ರೆ ಪದವಿಯ ಹೆಸರು ಮೂಲದಲ್ಲಿ ಇದ್ದ ಹಾಗೇ ಬಿಡು, ಪಕ್ಕದಲ್ಲಿ ಅರ್ಥ. ನಮ್ಮ ಇಂಥ ಡಿಗ್ರಿಗೆ ಸಮ ಅಂತ ತೀರ್ಪು ಕೊಡಬೇಡ, ಅದು ಅನುವಾದಕನ ಕೆಲಸವಲ್ಲ. 'ಕುಮ್ ಲೌಡೆ', ಅಂದ್ರೆ 'ಪ್ರಶಂಸೆಯೊಂದಿಗೆ', ಅಂತ ಇದ್ದರೆ ಅದನ್ನ ಮುಟ್ಟಲೇಬೇಡ. ಎಂ ಎಂ ಎಕ್ಸ್ ಐ ಎಕ್ಸ್ ಅಂದ್ರೆ 2019, ಮಿಲಿಮೀಟರ್ ಅಲ್ಲ. ಮುದ್ರೆ, ಸಹಿ ಇರೋ ಕಡೆ ಕಂಸದಲ್ಲಿ 'ಮುದ್ರೆ', 'ಸಹಿ' ಅಂತ ಬರಿ. 'ನೋವೋ ಪೋರ್ತು' ಅಂದ್ರೆ ಯೇಲ್ ಇರೋ ಊರು, ನ್ಯೂ ಹೇವನ್. ಫೋನ್ ಮಾತು ಕೇಳಿ 'ಹೊಸ ಬಂದರು' ಅಂತ ಬರೆದೆಯೋ, ಕಡತ ಮಂಗಳೂರಿನ ಪಣಂಬೂರು ಬಂದರಿಗೆ ಹೋಗುತ್ತೆ."

"ಅವರೇ ಇಂಗ್ಲಿಷಲ್ಲಿ ಅಚ್ಚು ಹಾಕಬಾರದಾ ಸಾರ್?"

"1961ರಲ್ಲಿ ಹಾರ್ವರ್ಡ್ ಹಾಗೆ ಮಾಡ್ತು. ಹುಡುಗರು ಬೀದಿಗಿಳಿದರು."

"ಅವರಿಗೆಲ್ಲ ಲ್ಯಾಟಿನ್ ಬರ್ತಿತ್ತಾ?"

"ಓದೋಕೆ ಬರದಿದ್ರೇನೇ ಗೋಡೆಗೆ ಚೆಂದ ಕಣೋ. ಅರ್ಥವಾದ್ರೆ ನೆಂಟರು 'ಯಾವ ಕ್ಲಾಸು?' ಅಂತಾರೆ."

ರಂಗಣ್ಣ ಫ್ರೇಮಿನ ಗಾಜನ್ನ ಪಂಚೆಯ ತುದಿಯಿಂದ ಒರೆಸಿದ. "ಚಂದಾ ಕೇಳಿ ಕಾಗದ ಬಂದಾಗೆಲ್ಲ ಅವನನ್ನ 'ಅಲುಮ್ನುಸ್' ಅಂತಾರಲ್ಲ, ಹಾಗಂದ್ರೇನು?"

"ಸಾಕುಮಗ."

"ನಾಲ್ಕು ವರ್ಷಕ್ಕಾ?"

ನಾಣಿ ಕಾಫಿಗೆ ಬಾಯಿ ಹಾಕಿದ. ಪದ್ಮಕ್ಕ ಖಾಲಿ ಲೋಟ ಎತ್ತಿಕೊಂಡರು. "ಆ ಪದ ಒಂದನ್ನ ಕನ್ನಡಕ್ಕೆ ಮಾಡಬೇಡಪ್ಪ ನಾಣಿ."